ತಪ್ಪಿಗೆ ದೀಪ ಹಾಕುವ ಭಾವ

ನಮ್ಮ ಭಾವನಿಗೆ ಕಂಪ್ಯೂಟರ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬರುವುದಿಲ್ಲ ಎಂದು ಹೇಳಿದರೆ ಅದನ್ನೂ ನಂಬಬೇಡಿ. ಕಂಪ್ಯೂಟರಿಗೆ ಭಾವ ಅರ್ಥವಾಗುತ್ತಾರೆಯೇ ಎಂದು ಕೇಳಿ, ಆಗ ನಾನು ಸ್ವಲ್ಪ ಯೋಚಿಸಿ ಹೌದು ಎನ್ನುತ್ತೇನೆ. ಅವರ ಮನೆಯಲ್ಲಿರುವ ಆ ಹಳೆಯ ಪೆಟ್ಟಿಗೆಗೂ ಅವರಿಗೂ ಈಗ ಒಳ್ಳೆಯ ಹೊಂದಾಣಿಕೆ. ಬೆಳಿಗ್ಗೆ ಇಬ್ಬರೂ ಆನ್ ಆಗಲು ಸರಿಸುಮಾರು ಒಂದೇ ಹೊತ್ತು ಹಿಡಿಯುತ್ತದೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಕಾವೂರಿನಲ್ಲಿ ಅವರನ್ನು ಹೆಸರಿನಿಂದ ಗುರುತಿಸುವವರು ಕಡಿಮೆ. ಸಂಜೆ ಕೆರೆಯ ದಂಡೆಯಲ್ಲಿ ನಿಂತು ಮೇಲೆ ನೋಡುತ್ತಿರುತ್ತಾರಲ್ಲ, ಅವರ ಮನೆ ಎಂದರೆ ಸಾಕು, ರಿಕ್ಷಾದವರು ನಿಮ್ಮನ್ನು ಗೇಟಿಗೇ ತಂದು ಬಿಡುತ್ತಾರೆ. ಮೇಲೆ ನೋಡುವುದು ಇಳಿಯಲು ಬರುವ ವಿಮಾನಗಳನ್ನು. ಕೊತ್ತಂಬರಿ ಸೊಪ್ಪು ತರಲೆಂದು ಹೊರಟವರು ವಿಮಾನ ಕಂಡರೆ ಅಲ್ಲಿಯೇ ನಿಂತುಬಿಡುತ್ತಾರೆ. ಅಕ್ಕನ ಸಾರು ಕೊತ್ತಂಬರಿ ಇಲ್ಲದೆಯೇ ಕುದಿದು, ಊಟವಾಗಿ, ಪಾತ್ರೆ ತೊಳೆದಾದ ಮೇಲೆ ಸೊಪ್ಪು ಮನೆಗೆ ಬಂದ ದಿನಗಳಿವೆ. ನಾನು ಪಡೀಲಿನಲ್ಲಿ ಅಮ್ಮನ ಜೊತೆ ಇದ್ದುಕೊಂಡು ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಮಾಡುವವಳು. ಇಷ್ಟು ಆಸೆ ಇದ್ದರೆ ಒಮ್ಮೆ ಮುಂಬೈಗಾದರೂ ಹೋಗಿ ಬನ್ನಿ, ನಾನು ಟಿಕೆಟ್ ಮಾಡಿಸುತ್ತೇನೆ ಎಂದು ಅವರಿಗೆ ಹೇಳಿದ್ದುಂಟು. ಭಾವ ಬಹಳ ಹೊತ್ತು ಯೋಚಿಸಿದರು.

“ಒಳಗೆ ಕೂತರೆ ವಿಮಾನ ಕಾಣುದಿಲ್ಲ ಅಲ್ವಾ ಮಾರಾಯ್ತಿ” ಎಂದರು.

ಇಂಥವರ ಉದ್ಯೋಗ ಏನಿರಬಹುದು ಹೇಳಿ? ಸೌಂಡ್ಸ್ ಮತ್ತು ಲೈಟಿಂಗ್ಸ್! ಮದುವೆ, ಗೃಹಪ್ರವೇಶ, ದೈವದ ನೇಮೋತ್ಸವ, ಏನಿದ್ದರೂ ಟ್ಯೂಬ್‌ಲೈಟು, ಸೀರಿಯಲ್ ಲೈಟು, ಮೈಕು ಬಾಡಿಗೆಗೆ ಕೊಡುವುದು. ಬೆಳಕು ಮಾರಿ ಬದುಕುವ ಮನುಷ್ಯನಿಗೆ ಮುಸ್ಸಂಜೆಯ ಮೇಲೆ ಇಷ್ಟೊಂದು ಮೋಹ ಇರಬಾರದು. ಒಮ್ಮೆ ಕುಲಶೇಖರದ ಒಂದು ಕೊಂಕಣಿ ಮನೆಯ ರೋಸಿಗೆ, ಅಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಎರೆಯುವ ಶಾಸ್ತ್ರಕ್ಕೆ, ಭಾವನದ್ದೇ ಲೈಟಿಂಗ್. ಹೊತ್ತು ಮುಳುಗಿತು, ಜನ ಸೇರಿದರು, ಆದರೂ ದೀಪವಿಲ್ಲ. ಮದುಮಗಳ ತಂದೆ ಹುಡುಕಿಕೊಂಡು ಬಂದರೆ ಭಾವ ಏಣಿಯ ತುದಿಯಲ್ಲಿ ಆರಾಮವಾಗಿ ಕುಳಿತಿದ್ದಾರೆ. ಈಗ ಆಕಾಶ ಚೆಂದ ಉಂಟು, ಸ್ವಲ್ಪ ಕಪ್ಪಾಗಲಿ, ಮತ್ತೆ ಹಾಕುವ ಎಂದರಂತೆ. ಆ ಮಹಾನುಭಾವರೂ ತಲೆಯೆತ್ತಿ ನೋಡಿದರಂತೆ! ಅವರನ್ನು ನೋಡಿ ಚಪ್ಪರದಲ್ಲಿದ್ದವರೆಲ್ಲ ಹೊರಗೆ ಬಂದು ತಲೆಯೆತ್ತಿದರಂತೆ. ಅಷ್ಟರಲ್ಲಿ ಯಾರೋ ಒಳಗಿನ ಅರೆಗತ್ತಲಲ್ಲಿ ತೆಂಗಿನ ಹಾಲನ್ನು ಮದುಮಗಳ ಬದಲು ಅವಳ ಚಿಕ್ಕಮ್ಮನ ತಲೆಗೆ ಎರೆದಾಗಿತ್ತು. ಚಿಕ್ಕಮ್ಮನಿಗೆ ಬೇಸರವಾಗಲಿಲ್ಲವೆಂದು ಭಾವ ಇಂದಿಗೂ ವಾದಿಸುತ್ತಾರೆ.

ಅಕ್ಕ ಇದಕ್ಕೆ ತದ್ವಿರುದ್ಧ. ಅವಳು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳಿಗೆ ಎಲ್ಲದಕ್ಕೂ ಹೊತ್ತಿಗೆ ಸರಿಯಾಗಿ ರಿಪೋರ್ಟ್ ಬೇಕು. ‘ಬೇಗ’ ಎಂಬ ಪದವನ್ನು ಅವಳು ಗಂಡನ ಹೆಸರಿನಂತೆಯೇ ಬಳಸುತ್ತಾಳೆ. ಇಬ್ಬರ ಜಾತಕ ಕೂಡಿಸಿದ ಜೋಯಿಸರು ಸಿಕ್ಕಿದರೆ ನನಗೂ ಒಂದೆರಡು ಪ್ರಶ್ನೆ ಕೇಳುವುದಿದೆ. ಅಂದ ಹಾಗೆ, ಮನೆಯಲ್ಲಿ ನಾವೆಲ್ಲ ಮಾತನಾಡುವುದು ತುಳುವಿನಲ್ಲಿ. ನಿಮಗಾಗಿ ಮಾತುಗಳನ್ನು ಕನ್ನಡಕ್ಕೆ ತಂದಿದ್ದೇನೆ. ಭಾವನ ನಿಧಾನವನ್ನು ಮಾತ್ರ ಯಾವ ಭಾಷೆಗೂ ತರಲು ಬರುವುದಿಲ್ಲ.

ಇವರಿಗೆ ಒಬ್ಬಳೇ ಮಗಳು, ಪ್ರಾಪ್ತಿ. ಈ ಕಥೆಯಲ್ಲಿ ನಗುವುದು ಎಷ್ಟೇ ಇರಲಿ, ನಮಗೆಲ್ಲ ಒಳಗೊಳಗೆ ಹೆದರಿಕೆ ಇದ್ದದ್ದು ಅವಳ ಬಗ್ಗೆ. ಚಿಕ್ಕವಳಿದ್ದಾಗ ಅವಳ ಬಾಯಿಗೆ ಬೀಗ ಇರಲಿಲ್ಲ. ಮೂರನೆಯ ಕ್ಲಾಸಿನಲ್ಲಿ ಟೀಚರು, ಮೀನು ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ, ಸ್ಕೂಟರಿನಲ್ಲಿ ಬರುತ್ತದೆ ಎಂದಳು. ಕಾವೂರಿನ ಮಟ್ಟಿಗೆ ಇದು ಶುದ್ಧ ಸತ್ಯ. ಬೆಳಿಗ್ಗೆ ಹಾರ್ನ್ ಹಾಕಿಕೊಂಡು ಬಂಗುಡೆ ಬರುವುದು ಸ್ಕೂಟರಿನಲ್ಲಿಯೇ! ಆದರೆ ಇಡೀ ಕ್ಲಾಸು ನಕ್ಕಿತು, ಆಮೇಲೂ ನಗುತ್ತಲೇ ಇತ್ತು. ಪ್ರಾಪ್ತಿಗೆ ಸ್ಕೂಟರ್ ಎಂದೇ ಹೆಸರು ಬಿತ್ತು. ಆ ಹೆಸರು ನಿಂತಿತು, ಅವಳ ಮಾತೂ ನಿಂತಿತು.

ಮೊದಮೊದಲು ಬರೆದದ್ದನ್ನು ರಬ್ಬರಿನಿಂದ ಉಜ್ಜುತ್ತಿದ್ದಳು, ಕಾಗದ ತೂತಾಗುವವರೆಗೆ. ಆಮೇಲೆ ಬರೆಯುವುದನ್ನೇ ಬಿಟ್ಟಳು. ಪರೀಕ್ಷೆಯಲ್ಲಿ ಹೆಸರು ಬರೆದು ಖಾಲಿ ಕಾಗದ ಕೊಟ್ಟು ಬರುವುದು! ಬರೆಯದಿದ್ದರೆ ತಪ್ಪಾಗುವುದಿಲ್ಲವಲ್ಲ. ಐದನೆಯ ಕ್ಲಾಸಿಗೆ ಬಂದಾಗ ಟೀಚರು ಅಕ್ಕನನ್ನು ಕರೆಸಿ, ಇವಳಿಗೆ ಬರುವುದಿಲ್ಲ ಎಂದಲ್ಲ, ಎಲ್ಲ ಗೊತ್ತಿದೆ, ಬಾಯಿ ಬಿಡುವುದಿಲ್ಲ, ಹೀಗೇ ಆದರೆ ಮುಂದೆ ಕಷ್ಟ ಎಂದರಂತೆ. ಅಕ್ಕ ಮನೆಗೆ ಬಂದು ಅಡುಗೆಮನೆಯ ನಳ್ಳಿ ಬಿಟ್ಟುಕೊಂಡು ಅತ್ತಳು. ಟ್ಯೂಷನ್ನಿಗೆ ಹಾಕುತ್ತೇನೆ, ಡಾಕ್ಟರಿಗೆ ತೋರಿಸುತ್ತೇನೆ, ಸ್ಕೂಲು ಬದಲಿಸುತ್ತೇನೆ ಎಂದೆಲ್ಲ ಹೇಳಿದಳು.

ಭಾವ ಹೊರಗಿನ ಚಿಟ್ಟೆಯಲ್ಲಿ, ಅಂದರೆ ಜಗಲಿಯ ಕಟ್ಟೆಯಲ್ಲಿ, ಕುಳಿತು ಒಂದು ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದರು. ಅಲ್ಲಿಂದಲೇ, “ನಾನು ಅವಳಿಗೆ ಕೋಡಿಂಗ್ ಕಲಿಸ್ತೇನೆ” ಎಂದರು.

ಅಕ್ಕ ನಳ್ಳಿ ನಿಲ್ಲಿಸಿದಳು. ಮೊಬೈಲಿನಲ್ಲಿ ಒಂದು ಫೋಟೋ ಕಳಿಸಬೇಕಾದರೆ ಪಕ್ಕದ ಮನೆಗೆ ಹೋಗುವ ಮನುಷ್ಯ! ವಿಚಾರಿಸಿದರೆ ಗೊತ್ತಾಯಿತು, ಯಾವುದೋ ಕಾಲೇಜಿನ ಸಮಾರಂಭದಲ್ಲಿ ಬೆಳಕಿನ ಆಟವನ್ನೆಲ್ಲ ಕಂಪ್ಯೂಟರಿನಿಂದ ನಡೆಸುತ್ತಿದ್ದ ಒಬ್ಬ ಮೇಡಂ ಇವರಿಗೆ ಸಿಕ್ಕಿದ್ದರಂತೆ. ಈ ಕೆಲಸದಲ್ಲಿ ಒಂದೇ ಸಲಕ್ಕೆ ಯಾರಿಗೂ ಸರಿ ಬರುವುದಿಲ್ಲ, ತಪ್ಪು ಹುಡುಕುತ್ತಾ ಕೂರುವುದೇ ನಮ್ಮ ಕೆಲಸ ಎಂದಿದ್ದರಂತೆ. ಭಾವನಿಗೆ ಆ ಮಾತು ತಲೆಯೊಳಗೆ ಹೊಕ್ಕು ಕುಳಿತಿತ್ತು. ತಪ್ಪು ಮಾಡಿದರೆ ಯಾರೂ ನಗದ ಒಂದು ವಿದ್ಯೆ ಇದೆಯೆಂದರೆ ಅದನ್ನು ಬಿಡಲಿಕ್ಕುಂಟೇ?

ಕಂಪ್ಯೂಟರು ಬಂದದ್ದು ಕುಲಶೇಖರದ ಒಂದು ಫೋಟೋ ಸ್ಟುಡಿಯೋದಿಂದ. ಬಾಗಿಲು ಹಾಕುತ್ತಿದ್ದ ಸ್ಟುಡಿಯೋದವರು ಹಳೆಯ ಸ್ನೇಹಕ್ಕೆ ಕೊಟ್ಟದ್ದು. ಅದರ ಹೊಟ್ಟೆ ತುಂಬ ಊರವರ ಮದುವೆಯ ಫೋಟೋಗಳು. ಅಳಿಸಿ ಕೊಡುತ್ತೇನೆ ಎಂದು ಸ್ಟುಡಿಯೋದವರು ಹೇಳಿದ್ದರಂತೆ, ಇರಲಿ ಎಂದವರು ನಮ್ಮ ಭಾವ. ಸಂಜೆಯಾದರೆ ಅಪ್ಪ ಮಗಳು ಅದರ ಮುಂದೆ ಕುಳಿತು ಒಂದೊಂದೇ ಮದುವೆ ನೋಡುವುದು. ನೋಡು, ಈ ಮದುಮಗನ ಹಿಂದೆ ಉಂಟಲ್ಲ, ಅದು ನಮ್ಮ ಹಳದಿ ಸೆಟ್ಟು, ಈ ಅಜ್ಜಿಯ ಮೇಲೆ ಬಿದ್ದದ್ದು ನಮ್ಮ ಫೋಕಸ್ ಲೈಟು ಎಂದು ಭಾವ ತೋರಿಸುವುದು. ಪ್ರಾಪ್ತಿ ಮಾತನಾಡದೆ ನೋಡುವುದು. ಪರಿಚಯವೇ ಇಲ್ಲದವರ ಸೀರೆ, ಕಣ್ಣೀರು, ಐಸ್‌ಕ್ರೀಮು, ಎಲ್ಲದರ ಮೇಲೆ ಭಾವನ ಬೆಳಕು. ಹದಿನೈದು ದಿನ ಬಿಟ್ಟು ಅಕ್ಕ ರಿಪೋರ್ಟ್ ಕೇಳಿದಳು, ಎಲ್ಲಿಯವರೆಗೆ ಬಂತು ಪಾಠ ಎಂದು. ಅರ್ಧ ಕುಲಶೇಖರದ ಪರಿಚಯ ಆಯಿತು, ಇನ್ನು ಪಡೀಲು ಉಂಟು ಎಂದರು ಭಾವ.

ಅಕ್ಕನ ಮುಖ ನೋಡಿ ಮರುದಿನದಿಂದಲೇ ನಿಜವಾದ ಪಾಠ ಶುರುವಾಯಿತು. ಅದರಲ್ಲಿಯೂ ಕಂಪ್ಯೂಟರ್ ಇರಲಿಲ್ಲ! ಮೊದಲು ನಾವೇ ಕಂಪ್ಯೂಟರ್ ಆಗಬೇಕು, ಅದರ ಸಂಕಟ ನಮಗೆ ಗೊತ್ತಾಗಬೇಕು ಎಂಬುದು ಭಾವನ ಸಿದ್ಧಾಂತ. ಕಂಪ್ಯೂಟರ್ ತಾನಾಗಿ ಯೋಚಿಸುವುದಿಲ್ಲ, ಹೇಳಿದ್ದನ್ನು ಮಾತ್ರ ಮಾಡುತ್ತದೆ, ಆದ್ದರಿಂದ ಪ್ರಾಪ್ತಿ ಆ ದಿನ ಕಂಪ್ಯೂಟರ್. ಅವಳಿಗೆ ಕೊಟ್ಟ ಆಜ್ಞೆ ಇಷ್ಟೇ. ಹೊರಗಿನಿಂದ ಯಾರಾದರೂ ಹೊಸ್ತಿಲು ದಾಟಿ ಒಳಗೆ ಬಂದರೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಹಿಂದಿನಿಂದ ನಡೆದು ಬಂದ ಕ್ರಮ, ಅದರಲ್ಲಿ ಹೊಸದೇನೂ ಇಲ್ಲ.

ಆ ದಿನ ಬಂದವರು ಬಂಟ್ವಾಳ ಕಡೆಯ ನಮ್ಮ ದೊಡ್ಡ ಮಾವ, ಗೃಹಪ್ರವೇಶಕ್ಕೆ ಕರೆಯಲು. ಹೊಸ್ತಿಲು ದಾಟಿದರು, ಬೆಲ್ಲ ನೀರು ಬಂತು, ಕುಡಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆ ಮನೆಯೊಳಗೆ ಮಾತು ಕೇಳಿಸುವಷ್ಟು ರೇಂಜ್ ಸಿಗುವುದಿಲ್ಲ, ಎದ್ದು ಹೊರಗೆ ಹೋದರು. ಮಾತಾಡಿ ಒಳಗೆ ಬಂದರೆ ಬೆಲ್ಲ ನೀರು. ಮಗು ಪ್ರೀತಿಯಿಂದ ಕೊಡುತ್ತಿದೆ ಎಂದು ಕುಡಿದರು. ಗೃಹಪ್ರವೇಶದ ಮನೆಯವರಿಗೆ ಫೋನಿನ ಕಾಟ ಗೊತ್ತಲ್ಲ? ಒಮ್ಮೆ ಅಡುಗೆಯವನದ್ದು, ಒಮ್ಮೆ ಶಾಮಿಯಾನದವನದ್ದು, ಒಮ್ಮೆ ಪುರೋಹಿತರದ್ದು. ಪ್ರತಿ ಸಲ ಹೊರಗೆ, ಪ್ರತಿ ಸಲ ಒಳಗೆ, ಪ್ರತಿ ಸಲ ಬೆಲ್ಲ ನೀರು! ಮಾವನಿಗೆ ಶುಗರ್ ಉಂಟು. ಆದರೆ ಕೊಟ್ಟ ಬೆಲ್ಲ ನೀರನ್ನು ಬೇಡ ಎನ್ನುವುದು ಮನೆಗೆ ಮಾಡುವ ಅವಮಾನ ಎಂದು ನಂಬಿದ ತಲೆಮಾರು. ಕೊನೆಗೆ ಅವರು ಒಳಗೆ ಬರುವುದನ್ನೇ ಬಿಟ್ಟು ಅಂಗಳದ ತೆಂಗಿನಮರಕ್ಕೆ ಒರಗಿ ನಿಂತು, ಅಲ್ಲಿಂದಲೇ ನಮ್ಮನ್ನು ಗೃಹಪ್ರವೇಶಕ್ಕೆ ಆಹ್ವಾನಿಸಿದರು.

ಅಕ್ಕ ಲ್ಯಾಬಿನಿಂದ ಬಂದು ವಿಷಯ ತಿಳಿದು ಮಗಳ ಕಡೆ ತಿರುಗಿದಳು. ಪ್ರಾಪ್ತಿಯ ಮುಖ ಸಣ್ಣದಾಯಿತು. ಕೈಯಲ್ಲಿ ಲೋಟ ಹಿಡಿದು ಗೋಡೆಗೆ ಅಂಟಿಕೊಂಡಳು. ಭಾವ ನಡುವೆ ಬಂದು ನಿಂತರು.

“ತಪ್ಪು ಅವಳದ್ದಲ್ಲ. ನಾನು ಹೇಳಿದ್ದನ್ನೇ ಅವಳು ಮಾಡಿದ್ದು. ಒಮ್ಮೆ ಕೊಟ್ಟವರಿಗೆ ಮತ್ತೆ ಕೊಡ್ಬೇಡ ಅಂತ ನಾನು ಹೇಳಿರ್ಲಿಲ್ಲ. ತಪ್ಪು ನನ್ನದು. ಒಳ್ಳೆ ಚೆಂದದ ತಪ್ಪು ಸಿಕ್ಕಿತು ಇವತ್ತು.”

ಹೀಗೆ ಹೇಳುವಾಗ ಅವರ ಮುಖದಲ್ಲಿ ದೊಡ್ಡ ಅಂಜಲ್ ಮೀನು ಹಿಡಿದವನ ಸಂತೋಷವಿತ್ತು. ತಪ್ಪು ಮಾಡಿ ಇಷ್ಟು ಖುಷಿಪಡುವ ದೊಡ್ಡವರನ್ನು ಪ್ರಾಪ್ತಿ ಅದುವರೆಗೆ ನೋಡಿರಲಿಲ್ಲ. ಅವಳು ಅಪ್ಪನನ್ನೇ ನೋಡುತ್ತಾ ಲೋಟದಲ್ಲಿ ಉಳಿದಿದ್ದ ನೀರನ್ನು ತಾನೇ ಕುಡಿದಳು. ಬಂಟ್ವಾಳದಲ್ಲಿ ಮಾತ್ರ ಈಗಲೂ ಕಾವೂರಿನವರ ಉಪಚಾರದ ಬಗ್ಗೆ ಬಹಳ ಒಳ್ಳೆಯ ಮಾತಿದೆ.

ಆಮೇಲೆ ನಿಜವಾದ ಕಂಪ್ಯೂಟರಿನ ಮುಂದೆ ನಿಜವಾದ ಕೋಡಿಂಗ್. ಮಕ್ಕಳಿಗೆಂದೇ ಇರುವ ಒಂದು ಆಟ. ಪರದೆಯ ಮೇಲೆ ಒಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಸಾಲಾಗಿ ಆಜ್ಞೆ ಬರೆದರೆ ಅದು ಹಾಗೆಯೇ ನಡೆದು ಹಿಂದೆ ಗೆರೆ ಬಿಡುತ್ತಾ ಹೋಗುತ್ತದೆ. ಭಾವ ಪುಸ್ತಕ ನೋಡಿ ಕಲಿತದ್ದು, ಒಂದು ಬೆರಳಿನಿಂದ ಟೈಪ್ ಮಾಡುವುದು. ಅದರಲ್ಲಿ ‘ಸ್ವಲ್ಪ ಹೊತ್ತು ನಿಲ್ಲು’ ಎಂಬ ಒಂದು ಆಜ್ಞೆಯೂ ಇತ್ತು. ಅದನ್ನು ಕಂಡುಹಿಡಿದದ್ದೇ ತಡ, ಭಾವನ ಸಂತೋಷಕ್ಕೆ ಪಾರವಿಲ್ಲ! ಕಂಪ್ಯೂಟರ್ ಮಾಡಿದವರು ತನ್ನಂಥವರನ್ನು ಮರೆತಿಲ್ಲ ಎನ್ನುವಂತೆ ಪ್ರತಿ ಎರಡು ಹೆಜ್ಜೆಗೊಮ್ಮೆ ಆಮೆಯನ್ನು ನಿಲ್ಲಿಸಿದರು. ಆಮೆ ನಡೆಯುವುದು, ನಿಲ್ಲುವುದು, ನಡೆಯುವುದು, ನಿಲ್ಲುವುದು. ಒಂದು ಚೌಕ ಬಿಡಿಸಿ ಮುಗಿಯುವಷ್ಟರಲ್ಲಿ ನಾನು ಚಹಾ ಮಾಡಿ ಕುಡಿದು ಲೋಟ ತೊಳೆದಿಟ್ಟು ಬಂದಿದ್ದೆ. ಇದೆಂಥದು ಭಾವ ಎಂದರೆ, ಬರೀ ನಡೆಯುವುದೇ ಆದರೆ ಅದಕ್ಕೆ ಆಚೀಚೆ ನೋಡುವುದು ಯಾವಾಗ ಎಂದು ನನ್ನನ್ನೇ ಕೇಳಿದರು.

ಅಪ್ಪನ ಹೆಗಲಿಗೆ ಒರಗಿ ನೋಡುತ್ತಿದ್ದ ಪ್ರಾಪ್ತಿ ಮೆಲ್ಲಗೆ ಕೈ ಚಾಚಿದಳು. ಒಂದು ಆಜ್ಞೆ ಅಳಿಸಿದಳು. ಅಪ್ಪನ ಮುಖ ನೋಡಿದಳು. ಇನ್ನೊಂದು ಅಳಿಸಿದಳು.

“ಪಪ್ಪ, ಇದು ಬೇಡ. ಇದು ಬೋರ್ ಆಗ್ತದೆ” ಎಂದಳು.

ಅಡುಗೆಮನೆಯಲ್ಲಿ ಅಕ್ಕನ ಕೈಯ ಚಮಚ ನಿಂತಿತು. ಒಂದು ಕೆಲಸ ತಪ್ಪು ಎಂದು ಆ ಹುಡುಗಿ ಬಾಯಿಬಿಟ್ಟು ಹೇಳಿ ಎಷ್ಟೋ ಕಾಲವಾಗಿತ್ತು. ಭಾವ ಬಹಳ ಗಂಭೀರವಾಗಿ ತಲೆದೂಗಿ, ಹಾಗಾದರೆ ಎಲ್ಲೆಲ್ಲಿ ಬೇಡ ನೀನೇ ಹೇಳು ಎಂದು ಕುರ್ಚಿ ಬಿಟ್ಟುಕೊಟ್ಟರು. ಅಂದಿನಿಂದ ಕುರ್ಚಿ ಅವಳದ್ದು, ಪಕ್ಕದ ಸ್ಟೂಲು ಭಾವನದ್ದು.

ತಪ್ಪು ಸಿಕ್ಕಿದರೆ ದೀಪ ಹಾಕುವ ಪದ್ಧತಿ ಶುರುವಾದದ್ದು ಆ ಮಳೆಗಾಲದಲ್ಲಿ. ತುಳುವರಿಗೆ ಆಟಿ ತಿಂಗಳೆಂದರೆ ಶುಭಕಾರ್ಯಕ್ಕೆಲ್ಲ ರಜೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಆದ್ದರಿಂದ ಲೈಟಿಂಗ್ಸಿನವರಿಗೆ ಕೆಲಸವೂ ಇಲ್ಲ. ಗೋಡೌನಿನಲ್ಲಿ ಸುಮ್ಮನೆ ಬಿದ್ದಿದ್ದ ಸೀರಿಯಲ್ ಲೈಟುಗಳನ್ನೆಲ್ಲ ಭಾವ ತಂದು ಮನೆಯ ಚಾವಡಿ, ಮಾಡು, ಗೇಟಿನ ಪಕ್ಕದ ಪೇರಳೆ ಮರ, ಎಲ್ಲದಕ್ಕೂ ಸುತ್ತಿದರು. ಅದರ ಸ್ವಿಚ್ಚು ಕಂಪ್ಯೂಟರಿನ ಪಕ್ಕದಲ್ಲಿ. ನಿಯಮ ಏನೆಂದರೆ, ಬರೆದದ್ದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದವರು ಸ್ವಿಚ್ ಹಾಕಬೇಕು. ಸರಿಯಾಗಿ ಬಂದರೆ ದೀಪವಿಲ್ಲ! ಸರಿ ಬಂದದ್ದಕ್ಕೆ ದೀಪ ಯಾಕೆ, ಅದು ಹೇಗೂ ಸರಿ ಉಂಟಲ್ಲ ಎಂಬುದು ಭಾವನ ವಾದ. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಮಳೆ ಹನಿಯುವ ಸಂಜೆಗಳಲ್ಲಿ ಆ ಮನೆ ಹಾಗೆ ಥಟ್ಟನೆ ಬೆಳಗುವುದನ್ನು ನೀವು ನೋಡಬೇಕಿತ್ತು. ಕೆರೆಯ ಕಡೆಯಿಂದ ಬರುವಾಗ ಮಳೆಯ ಪರದೆಯ ಹಿಂದೆ ಹಳದಿ, ನೀಲಿ, ಕೆಂಪು ಬಣ್ಣಗಳು ಕಲಸಿಹೋಗಿ, ಮನೆಯೇ ನೆಲದಿಂದ ಸ್ವಲ್ಪ ಮೇಲೆದ್ದು ನಿಂತ ಹಾಗೆ ಕಾಣುತ್ತಿತ್ತು. ಒಂದು ಸಂಜೆ ನಾನು ಕೊಡೆ ಹಿಡಿದು ರಸ್ತೆಯಲ್ಲಿಯೇ ನಿಂತುಬಿಟ್ಟೆ. ಬಸ್ಸು ತಪ್ಪಿಹೋದೀತು ಎಂದು ಯಾವಾಗಲೂ ಓಡುವವಳು ನಾನು. ಒಳಗಿನಿಂದ ಅಪ್ಪ ಮಗಳು ನಗುವುದು ಕೇಳಿಸಿತು. ಯಾವುದೋ ತಪ್ಪು ಸಿಕ್ಕಿದೆ ಎಂದುಕೊಂಡು ನಾನೂ ನಕ್ಕೆ.

ಆದರೆ ಊರಿನವರು ಸುಮ್ಮನಿರುತ್ತಾರೆಯೇ? ಆಟಿಯಲ್ಲಿ ಮದುವೆ ಮನೆಯ ಹಾಗೆ ಲೈಟು! ಆ ಮನೆಯಲ್ಲಿ ಮದುವೆಯ ವಯಸ್ಸಿನವರು ಯಾರಿದ್ದಾರೆ ಎಂದು ಲೆಕ್ಕ ಹಾಕಿದರು. ಪ್ರಾಪ್ತಿ ಐದನೆಯ ಕ್ಲಾಸು. ಉಳಿದದ್ದು ಆಗಾಗ ಬಂದು ಹೋಗುವ, ಮೂವತ್ತು ದಾಟಿದರೂ ಮದುವೆಯಾಗದ, ಅಕ್ಕನ ತಂಗಿ! ಆಟಿ ಕಳೆಯುವವರೆಗೂ ಕಾಯಲಾಗದಂಥ ಅವಸರ ಏನೆಂದು ಮುಂದಿನ ಲೆಕ್ಕ. ಆ ಲೆಕ್ಕಕ್ಕೆ ಸಿಕ್ಕಿದ ಉತ್ತರವನ್ನು ನಾನಿಲ್ಲಿ ಬರೆಯುವುದಿಲ್ಲ. ಕಾವೂರಿನಿಂದ ಹೊರಟ ಸುದ್ದಿ ಪಡೀಲು ತಲುಪಲು ನಮ್ಮ ಸಿಟಿ ಬಸ್ಸಿಗಿಂತ ಕಡಿಮೆ ಹೊತ್ತು ಸಾಕು. ಮರುದಿನ ಆಫೀಸಿನಲ್ಲಿ ಯಾರಿಗೋ ದುಬೈಗೆ ಟಿಕೆಟ್ ಮಾಡುತ್ತಿದ್ದೆ, ಅಮ್ಮನ ಫೋನು ಬಂತು. ನನಗೆ ಒಂದು ಮಾತು ಹೇಳಬಹುದಿತ್ತಲ್ಲ, ಹುಡುಗ ಯಾವ ಜಾತಿಯಾದರೂ ನಾನು ಬೇಡ ಹೇಳುತ್ತಿರಲಿಲ್ಲ ಎಂದು ಮೂಗು ಸೀಟಿದಳು. ನಾನು ಸಿಟ್ಟಿನಿಂದ ಕಾವೂರಿಗೆ ಹೋಗಿ ಭಾವನ ಮುಂದೆ ನಿಂತೆ. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, ತಪ್ಪು ಹುಡುಕಿದ್ದಕ್ಕೆಂದು ಸ್ವಿಚ್ಚನ್ನು ನನ್ನ ಕಡೆ ಸರಿಸಿದರು.

ಇಷ್ಟೆಲ್ಲ ನಗೆಯ ನಡುವೆ ಪರೀಕ್ಷೆ ಬಂತು. ಕಾಗದಗಳು ಮನೆಗೆ ಬಂದವು. ಹೆಸರು, ಕ್ಲಾಸು, ಕೆಳಗೆ ಮೊದಲಿನ ಹಾಗೆ ಬೆಳ್ಳಗೆ. ಒಂದೆರಡು ಕಡೆ ಬರೆಯಲು ಹೊರಟು ಬಿಟ್ಟ ಗುರುತಿತ್ತು, ಅಷ್ಟೆ.

ಅಕ್ಕ ಆ ದಿನ ಕೂಗಾಡಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಕಾಗದಗಳನ್ನು ಮೇಜಿನ ಮೇಲಿಟ್ಟು, ಆಮೆ ಸಾಕು, ದೀಪ ಸಾಕು, ಮುಂದಿನ ವಾರದಿಂದ ಟ್ಯೂಷನ್ನು, ಈ ಮನೆಯಲ್ಲಿ ಒಬ್ಬರು ಕನಸು ಕಂಡದ್ದು ಸಾಕಾಗಲಿಲ್ಲವೇ ಎಂದು ಒಳಗೆ ಹೋದಳು. ಭಾವ ಎದ್ದು ಕೆರೆಯ ಕಡೆ ಹೋದರು. ಅವರ ಹಿಂದೆ ನಾನೂ ಹೋದೆ. ನನಗೂ ಸಿಟ್ಟಿತ್ತು. ಮಗುವಿನ ಒಂದು ವರ್ಷ ಹೋಗುತ್ತಿದೆ, ನಿಮಗೆ ಗೊತ್ತಾಗುತ್ತದೆಯೇ ಎಂದು ಕೇಳಿದೆ. ವಿಮಾನವೊಂದು ತಗ್ಗಿನಲ್ಲಿ ದಾಟಿ ಹೋಯಿತು. ಭಾವ ತಲೆ ಎತ್ತಲಿಲ್ಲ.

“ಮನೆಯಲ್ಲಿ ಅವಳು ದಿನಾ ತಪ್ಪು ಮಾಡ್ತಾಳೆ, ಗೊತ್ತುಂಟಾ ನಿನಗೆ? ಮಾಡಿ ನಗ್ತಾಳೆ. ಸ್ಕೂಲಲ್ಲಿ ಇನ್ನೂ ಆಗುದಿಲ್ಲ ಅವಳಿಗೆ. ಅಲ್ಲಿಯೂ ಆಗ್ತದೆ. ಯಾವಾಗ ಅಂತ ಕೇಳ್ಬೇಡ, ನನಗೆ ಗೊತ್ತಿಲ್ಲ” ಎಂದರು. ಕೆರೆಯ ನೀರನ್ನೇ ನೋಡುತ್ತಾ, “ನಾನು ಮಾಡಿದ್ದು ಸರಿಯೋ ಅಂತಲೂ ಗೊತ್ತಿಲ್ಲ” ಎಂದರು. ಯಾವ ತಪ್ಪಿಗೂ ಹೆದರದ ಮನುಷ್ಯನ ದನಿಯಲ್ಲಿ ಹೆದರಿಕೆ ಇದ್ದದ್ದನ್ನು ನಾನು ಮೊದಲ ಸಲ ಕೇಳಿದೆ.

ಟ್ಯೂಷನ್ ಶುರುವಾಯಿತು. ಆದರೆ ಪ್ರಾಪ್ತಿ ಅಲ್ಲಿಂದ ಬಂದವಳು ಕೈಕಾಲು ತೊಳೆದು ನೇರ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅವಳ ಆಮೆ ಈಗ ಹೂ ಬಿಡಿಸುತ್ತಿತ್ತು, ರಥಬೀದಿಯ ರಂಗೋಲಿಯಷ್ಟು ದೊಡ್ಡದು. ಅಕ್ಕ ನೋಡಿದರೂ ನೋಡದವಳಂತೆ ಇದ್ದಳು. ಮಳೆ ಹೋಯಿತು, ಮದುವೆಗಳು ಬಂದವು, ಲೈಟುಗಳೆಲ್ಲ ಊರ ಮೇಲೆ ಹೋದವು. ಮನೆ ಮತ್ತೆ ಎಲ್ಲರ ಮನೆಯ ಹಾಗಾಯಿತು.

ಒಂದು ದಿನ ಸ್ಕೂಲಿನಿಂದ ಫೋನು ಬಂತು. ಪ್ರಾಪ್ತಿಯ ವಿಷಯ ಮಾತನಾಡಲಿಕ್ಕಿದೆ, ಯಾರಾದರೂ ಬನ್ನಿ ಎಂದರಂತೆ. ಅಕ್ಕನಿಗೆ ಲ್ಯಾಬಿನಲ್ಲಿ ಬಿಡುವಿರಲಿಲ್ಲ. ಭಾವ ಒಬ್ಬರೇ ಹೋದರೆ ದಾರಿಯಲ್ಲಿ ಎಲ್ಲಿ ನಿಲ್ಲುತ್ತಾರೋ ಎಂದು ನನ್ನನ್ನು ಜೊತೆಗೆ ಕಳಿಸಿದಳು. ಆ ದಿನ ಭಾವ ಎಲ್ಲಿಯೂ ನಿಲ್ಲಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ನನಗಿಂತ ಮುಂದೆ ಮುಂದೆ ನಡೆದು, ಹೇಳಿದ ಹೊತ್ತಿಗಿಂತ ಮೊದಲೇ ಹೋಗಿ ಸ್ಟಾಫ್ ರೂಮಿನ ಹೊರಗೆ ನಿಂತರು.

ಟೀಚರು ಒಳಗೆ ಕರೆದು ಕೂರಿಸಿದರು. ಬೇಸರ ಮಾಡಿಕೊಳ್ಳಬೇಡಿ ಎಂದು ಶುರು ಮಾಡಿದರು. ನಾನು ಭಾವನ ಕಡೆ ನೋಡಲಿಲ್ಲ.

“ನಿಮ್ಮ ಮಗಳು ಕ್ಲಾಸಲ್ಲಿ ತುಂಬಾ ಮಾತಾಡ್ತಾಳೆ” ಎಂದರು ಟೀಚರು. ಕೇಳಿದ್ದಕ್ಕೂ ಕೇಳದ್ದಕ್ಕೂ ಕೈ ಎತ್ತುತ್ತಾಳಂತೆ. ಉತ್ತರ ತಪ್ಪಾಗಿ ಬೇರೆ ಮಕ್ಕಳು ನಕ್ಕರೆ ಕೂರುವುದಿಲ್ಲವಂತೆ, ನಿಲ್ಲಿ, ಎಲ್ಲಿ ತಪ್ಪಿತು ನೋಡುವ ಎಂದು ಬೋರ್ಡಿನ ಹತ್ತಿರ ಬಂದು ನಿಲ್ಲುತ್ತಾಳಂತೆ. ಈಗ ಬೇರೆಯವರೂ ಅವಳ ಜೊತೆ ಎದ್ದು ಬರುತ್ತಾರಂತೆ. ನಲವತ್ತು ಮಕ್ಕಳನ್ನು ಇಟ್ಟುಕೊಂಡು ಪಾಠ ಮುಗಿಸುವುದು ಹೇಗೆ, ಮನೆಯಲ್ಲಿ ಸ್ವಲ್ಪ ಹೇಳಿ ಎಂದರು. ಪಾಪ, ಆ ಟೀಚರು ಈ ವರ್ಷದ ನಡುವೆ ಹೊಸದಾಗಿ ಬಂದವರು. ಪ್ರಾಪ್ತಿ ಹುಟ್ಟಿನಿಂದಲೇ ಹೀಗೆ ಎಂದುಕೊಂಡಿದ್ದರು.

ಭಾವ ಎದ್ದು ನಿಂತು ಎರಡೂ ಕೈ ಮುಗಿದರು. ತಪ್ಪಾಯಿತು ಟೀಚರೇ, ಹೇಳುತ್ತೇನೆ ಎಂದರು. ಹೊರಗೆ ಬಂದು, ಜಗಲಿ ದಾಟಿ, ಮೆಟ್ಟಿಲ ಹತ್ತಿರ ಹೋದರು. ಅಲ್ಲಿಯೇ ಕುಳಿತುಬಿಟ್ಟರು. ಬಿಳಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಬೆನ್ನು ಅಲುಗುತ್ತಿತ್ತು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಭಾವ ಫೋನನ್ನು ನನ್ನ ಕೈಗೆ ಕೊಟ್ಟರು. ಏನಂತೆ, ಮತ್ತೆ ಅದೇ ದೂರಾ ಎಂದು ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು. ತುಂಬಾ ಮಾತಾಡುತ್ತಾಳೆಂದು ದೂರು ಎಂದೆ. ಆ ಕಡೆ ಲ್ಯಾಬಿನಲ್ಲಿ ಯಾರೋ ಅವಳನ್ನು ಕರೆಯುತ್ತಿದ್ದರು, ಅವಳು ಓಗೊಡಲಿಲ್ಲ. ಆಮೇಲೆ, ಅವರು ಎಲ್ಲಿ ಎಂದು ಕೇಳಿದಳು. ಮೆಟ್ಟಿಲಲ್ಲಿ ಕೂತಿದ್ದಾರೆ ಎಂದೆ.

“ಅಳ್ತಿದ್ದಾರಾ?”

“ಹೌದು.”

“ಕೂತುಕೊಳ್ಳಲಿ” ಎಂದಳು ಅಕ್ಕ. “ನೀನು ಅವರನ್ನು ಅವಸರ ಮಾಡ್ಬೇಡ.”

ನನಗೆ ಆಫೀಸಿಗೆ ತಡವಾಗಿತ್ತು. ಫೋನನ್ನು ಚೀಲಕ್ಕೆ ಹಾಕಿ ಭಾವನ ಪಕ್ಕದಲ್ಲಿ ನಾನೂ ಕುಳಿತೆ.